ಸೂಜಿ ಹಾಕಿಸಿದ ರಾತ್ರಿ ಚಿನ್ನಿ ಮಂಕಾದಾಗ

"ಅಕ್ಕಾ, ಸೂಜಿ ಹಾಕಿಸ್ಕೊಂಡು ಬಂದಾಗಿಂದ ಚಿನ್ನಿ ಮಂಚದ ಕೆಳಗೇ ಮಲಗೈತಿ. ಹಾಲೂ ಮುಟ್ಟಿಲ್ಲ. ಮೈ ಬಿಸಿ ಐತಿ. ಹುಡುಗರ ಜ್ವರದ ಸಿರಪ್ ಅರ್ಧ ಚಮಚ ಹಾಕ್ಲಾ?"

ರಾತ್ರಿ ಒಂಬತ್ತಕ್ಕೆ ಹರಿಹರದಿಂದ ತಂಗಿಯ ಫೋನು. ದಾವಣಗೆರೆಯಲ್ಲಿ ಊಟಕ್ಕೆ ಕೂತಿದ್ದ ನಾನು ತಟ್ಟೆ ಬಿಟ್ಟೆದ್ದೆ. "ಬ್ಯಾಡ ಬ್ಯಾಡ, ಮೊದಲು ಆ ಬಾಟ್ಲಿ ಎತ್ತಿಡು!"

ಮಕ್ಕಳ ಜ್ವರದ ಸಿರಪ್ಪಿನಲ್ಲಿ ಸಾಮಾನ್ಯವಾಗಿ ಇರುವುದು ಪ್ಯಾರಾಸಿಟಮಾಲ್. ನಮಗೆ ಔಷಧಿ, ಬೆಕ್ಕಿಗೆ ವಿಷ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ರಕ್ತ ಆಮ್ಲಜನಕ ಹೊರಲಾರದೆ ಹೋಗುತ್ತದೆ, ಒಂದೇ ಮಾತ್ರೆಯಿಂದಲೂ ಜೀವ ಹೋಗಬಹುದು. ಇನ್ನು ಮೈ ಬಿಸಿ ಅಂತೀರಾ? ಬೆಕ್ಕಿನ ಸಹಜ ಉಷ್ಣತೆಯೇ ಸುಮಾರು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ.

"ಮುಖ ಊದೈತಾ? ಬಾಯಿ ತೆಗೆದು ಉಸಿರಾಡ್ತೈತಾ? ಮತ್ತೆ ಮತ್ತೆ ವಾಂತಿ?" ಕೇಳಿದೆ. ಯಾವುದೂ ಇಲ್ಲ. ಅರ್ಧ ಭಯ ಇಳಿಯಿತು. ಇವು ಕಂಡರೆ, ಒಸಡು ಬಿಳಿಚಿಕೊಂಡರೆ, ಬೆಕ್ಕು ಕುಸಿದು ಬಿದ್ದರೆ ಅದು ಅಲರ್ಜಿ. ಅಪರೂಪ, ಆದರೆ ಲಸಿಕೆಯಾದ ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಬರುತ್ತದೆ. ಆಗ ಬೆಳಗಾಗಲಿ ಅಂತ ಕಾಯದೆ ಪಶುವೈದ್ಯರ ಹತ್ತಿರ ಓಡಬೇಕು.

ಬರೀ ಮಂಪರು, ಸಣ್ಣ ಜ್ವರ, ಊಟ ಕಡಿಮೆ, ಸೂಜಿ ಚುಚ್ಚಿದಲ್ಲಿ ನೋವು ಇದ್ದರೆ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಕತ್ತಲಿರುವ ಮೂಲೆ, ಹತ್ತಿರದಲ್ಲಿ ನೀರು, ಉಪ್ಪು-ಈರುಳ್ಳಿ ಹಾಕದೆ ಬೇಯಿಸಿದ ಚಿಕನ್ ಸ್ವಲ್ಪ ಬೆಚ್ಚಗೆ ಮಾಡಿ ಇಟ್ಟರೆ ಸಾಕು. (ಹಾಲೇ ಆಗಬೇಕೆಂದಿಲ್ಲ, ದೊಡ್ಡ ಬೆಕ್ಕುಗಳಿಗೆ ಎಷ್ಟೋ ಸಲ ಅದು ಅರಗುವುದೂ ಇಲ್ಲ.) ಮಕ್ಕಳು ಎತ್ತಿ ಮುದ್ದಾಡುವುದು ಬೇಡ. ಇಡೀ ಒಂದು ದಿನ ಏನೂ ತಿನ್ನದಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ. ಸೂಜಿಯ ಜಾಗದಲ್ಲಿ ಗಂಟು ಉಳಿದರೂ ಗಮನವಿರಲಿ: ತಿಂಗಳ ಮೇಲೂ ಬೆಳೆಯುತ್ತಿದ್ದರೆ, ಎರಡು ಸೆಂಟಿಮೀಟರ್ ದಾಟಿದರೆ, ಮೂರು ತಿಂಗಳಾದರೂ ಕರಗದಿದ್ದರೆ ಪರೀಕ್ಷೆ ಆಗಲೇಬೇಕು.

ಮೂರನೇ ದಿನ ಬೆಳಗ್ಗೆ ಚಿನ್ನಿ ತಂಗಿಯ ಒಲೆಕಟ್ಟೆ ಹತ್ತಿತು. "ಇನ್ನು ಸೂಜಿ ಸಾಕಕ್ಕಾ" ಅಂದಳು ಅವಳು. ನಾನು ಒಪ್ಪಲಿಲ್ಲ. ಬೀದಿ ನಾಯಿಗಳ ನಡುವೆ ಓಡಾಡುವ ಬೆಕ್ಕು ಅದು. ರೇಬಿಸ್ ಲಕ್ಷಣ ಕಂಡ ಮೇಲೆ ಬೆಕ್ಕಿಗಾಗಲಿ ನಮಗಾಗಲಿ ಮದ್ದಿಲ್ಲ. ತಪ್ಪು ನನ್ನದೂ ಇತ್ತು. ದಾವಣಗೆರೆಯಲ್ಲಿ ಲಸಿಕೆ ಹಾಕಿಸಿದ್ದೇ "ಬಸ್ಸು ಹೋಗ್ತೈತಿ" ಅಂತ ಅವಸರ ಮಾಡಿ ಕಳಿಸಿದ್ದೆ. ಮುಂದಿನ ಡೋಸಿಗೆ ಬಂದಾಗ ಆ ರಾತ್ರಿಯ ಕಥೆಯನ್ನೆಲ್ಲ ಮೊದಲು ಡಾಕ್ಟರಿಗೆ ಹೇಳಿದೆವು. ಸೂಜಿ ಆದ ಮೇಲೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತು, ಆಮೇಲೆ ಮಂಡಕ್ಕಿ-ಮಿರ್ಚಿ ಕಟ್ಟಿಸಿಕೊಂಡು ಹರಿಹರದ ಬಸ್ಸು ಹತ್ತಿದೆವು.