ಚಿತೆಯೇರಿದವರ ಕಥೆಗಾರ್ತಿ

ರಷ್ಯಾದಲ್ಲಿ ಹುಟ್ಟಿ, ಫ್ರೆಂಚರಿಗೆ ಅವರದೇ ಮಧ್ಯಯುಗವನ್ನು ಕಣ್ಣಿಗೆ ಕಟ್ಟಿಕೊಟ್ಟವರು ಕಾದಂಬರಿಕಾರ್ತಿ, ಇತಿಹಾಸಕಾರ್ತಿ ಝೋಯೆ ಓಲ್ಡೆನ್‌ಬುರ್ಗ್.

1244ರ ಮಾರ್ಚ್ 16. ಹತ್ತು ತಿಂಗಳ ಮುತ್ತಿಗೆಗೆ ಮಣಿದಿದ್ದ ದಕ್ಷಿಣ ಫ್ರಾನ್ಸಿನ ಮೋಂಸೆಗೂರ್ ಕೋಟೆಯಿಂದ ಚರ್ಚು ಧರ್ಮವಿರೋಧಿಗಳೆಂದು ಸಾರಿದ್ದ ಕ್ಯಾಥರ್ ಎಂಬ ಕ್ರೈಸ್ತ ಪಂಥದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಇಳಿಸಿ ತಂದು ಜೀವಂತ ಸುಟ್ಟರು. ನಂಬಿಕೆ ಬಿಟ್ಟಿದ್ದರೆ ಜೀವ ಉಳಿಯುತ್ತಿತ್ತು. ಹಾಗಿದ್ದೂ ಶರಣಾಗತಿಯ ನಂತರದ ಕದನವಿರಾಮದ ಎರಡು ವಾರಗಳಲ್ಲಿ ಸುಮಾರು ಇಪ್ಪತ್ತು ಮಂದಿ ಹೊಸದಾಗಿ ದೀಕ್ಷೆ ಪಡೆದು ಚಿತೆಯತ್ತ ನಡೆದರು. ಅವರಲ್ಲಿ ಕೋಟೆ ಕಾದ ಯೋಧರೂ ಇದ್ದರು.

ಇವರನ್ನು ಹುಚ್ಚರೆನ್ನದೆ, ಹುತಾತ್ಮರೆಂದು ಪೂಜಿಸದೆ ಅರ್ಥ ಮಾಡಿಕೊಳ್ಳುವುದು ಹೇಗೆ? ಝೋಯೆ ಅವರ ಬರವಣಿಗೆಯ ಸವಾಲು ಇದೇ.

ಪೆಟ್ರೊಗ್ರಾಡ್‌ನಿಂದ ಪ್ಯಾರಿಸ್‌ಗೆ

1916ರಲ್ಲಿ ಪೆಟ್ರೊಗ್ರಾಡ್‌ನಲ್ಲಿ ಹುಟ್ಟಿದ ಝೋಯೆ ಅವರದು ವಿದ್ವಾಂಸರ ಮನೆತನ. ತಾಯಿ ಗಣಿತಜ್ಞೆ, ತಂದೆ ಪತ್ರಕರ್ತ ಮತ್ತು ಇತಿಹಾಸಕಾರ. ಅಜ್ಜ ಸೆರ್ಗೈ ಓಲ್ಡೆನ್‌ಬುರ್ಗ್ ಭಾರತವಿದ್ಯೆಯ ದೊಡ್ಡ ಹೆಸರು. ಬೌದ್ಧ ಗ್ರಂಥಗಳನ್ನು ಪ್ರಕಟಿಸುವ ‘ಬಿಬ್ಲಿಯೊಥೆಕಾ ಬುದ್ಧಿಕಾ’ ಮಾಲೆಯನ್ನು 1897ರಲ್ಲಿ ಆರಂಭಿಸಿದವರು. ರಷ್ಯಾದ ಕ್ರಾಂತಿಯ ನಂತರ, 1925ರಲ್ಲಿ, ಝೋಯೆ ಪ್ಯಾರಿಸ್ ಸೇರಿದರು. ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಓದಿದರು, ಚಿತ್ರಕಲೆ ಕಲಿತರು, ಸ್ಕಾರ್ಫ್‌ಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆದರು. ಮೊದಲ ಕಾದಂಬರಿ ಬಂದದ್ದು 1946ರಲ್ಲಿ, ಫ್ರೆಂಚ್ ಭಾಷೆಯಲ್ಲಿ.

ಮೂರು ತಲೆಮಾರು

1953ರ ‘ಮೂಲೆಗಲ್ಲು’ ಕಾದಂಬರಿಗೆ ಫ್ರಾನ್ಸಿನ ಫೆಮಿನಾ ಸಾಹಿತ್ಯ ಪ್ರಶಸ್ತಿ ಸಂದಿತು. ಮಧ್ಯಯುಗದ ಶಾಂಪೇನ್ ಪ್ರಾಂತದ ಒಂದು ಸಾಮಂತ ಕುಟುಂಬದ ಕಥೆಯಿದು. ಕಣ್ಣು ಕಳೆದುಕೊಂಡ ಅಜ್ಜ ಪವಿತ್ರ ಭೂಮಿಗೆ ಯಾತ್ರೆ ಹೊರಡುತ್ತಾನೆ. ಮಗ ಭೋಗ ಮತ್ತು ಕ್ರೌರ್ಯದಲ್ಲಿ ಮುಳುಗುತ್ತಾನೆ. ಮೊಮ್ಮಗ ಎಟುಕದ ಪ್ರೇಮಕ್ಕೆ ಬಾಳು ಒಪ್ಪಿಸುತ್ತಾನೆ. ಇವರು ನಮ್ಮ ಕಾಲದವರಂತೆ ಯೋಚಿಸುವುದಿಲ್ಲ. ಪಾಪ, ಮಾನ, ಮೋಕ್ಷ ಎಂಬವು ಅವರಿಗೆ ಹಸಿವಿನಷ್ಟೇ ನಿಜ.

ಒಂದೇ ನೆಲ, ಎರಡು ದಾರಿ

1959ರ ‘ಮೋಂಸೆಗೂರಿನ ಚಿತೆ’ ಇತಿಹಾಸ ಗ್ರಂಥ. ಕ್ಯಾಥರರ ಸ್ವಂತ ಬರಹಗಳು ಉಳಿದಿರುವುದು ಬೆರಳೆಣಿಕೆಯಷ್ಟು. ಅವರ ಬಾಳಿನ ವಿವರ ಬಹುಪಾಲು ಸಿಗುವುದು ಅವರನ್ನು ಬೇಟೆಯಾಡಿದ ಚರ್ಚಿನ ವಿಚಾರಣಾ ಕಡತಗಳಲ್ಲಿ. ಆ ಕಡತಗಳು ಹೆಸರು, ಊರು, ಆರೋಪ ಹೇಳುತ್ತವೆ. ಆರೋಪಿಯ ಮನಸ್ಸನ್ನು ಹೇಳುವುದಿಲ್ಲ. ಮರುವರ್ಷ ಬಂದ ‘ಸುಟ್ಟುಹೋದವರು’, 1961ರ ‘ದೇಹದ ನಗರಗಳು’ ಕಾದಂಬರಿಗಳಲ್ಲಿ ಝೋಯೆ ಅದೇ ನೆಲಕ್ಕೆ ಮರಳಿ ಆ ಮನಸ್ಸನ್ನು ಹುಡುಕಿದರು. ಹಾಗಾಗಿ ಅವರ ಇತಿಹಾಸವನ್ನೂ ಕಾದಂಬರಿಯನ್ನೂ ಜೋಡಿಯಾಗಿಯೇ ಓದಬೇಕು.

2002ರಲ್ಲಿ ತೀರಿಕೊಂಡ ಝೋಯೆ ಅವರ ಮುಖ್ಯ ಕೃತಿಗಳು ಇಂಗ್ಲಿಷಿನಲ್ಲಿವೆ. ಕಥೆಯ ರುಚಿಯವರು ‘ಮೂಲೆಗಲ್ಲಿ’ನಿಂದ, ಇತಿಹಾಸದ ಆಸಕ್ತರು ‘ಮೋಂಸೆಗೂರಿನ ಚಿತೆ’ಯಿಂದ ಶುರುಮಾಡಬಹುದು.