ಮೂವತ್ತೆಂಟು ತಿಂಗಳ ದಾಸ್ತಾನು: ಬರೋಲೊ ವೈನ್ ಮತ್ತು ಅದರ ಕುಟುಂಬಗಳು

ಸರಕು ಬೇಗ ಕರಗಲಿ ಎಂಬುದೇ ಯಾವ ವರ್ತಕನಿಗಾದರೂ ಇರುವ ಬಯಕೆ. ಉಗ್ರಾಣದಲ್ಲಿ ಆರು ತಿಂಗಳು ಕದಲದೆ ಕುಳಿತ ದಾಸ್ತಾನನ್ನು ಕಂಡರೆ ಲೆಕ್ಕ ಪರಿಶೋಧಕನ ಹುಬ್ಬು ಗಂಟಿಕ್ಕುತ್ತದೆ. ಸಾಲ ಕೊಟ್ಟ ಬ್ಯಾಂಕಿನಿಂದ ವಿವರಣೆ ಕೋರಿ ಪತ್ರ ಬರುತ್ತದೆ. ಆದರೆ ವಾಯವ್ಯ ಇಟಲಿಯ ಪಿಯೆಮೊಂಟೆ ಪ್ರಾಂತ್ಯದ ಲಾಂಗೆ ಗುಡ್ಡಗಳಲ್ಲಿ, ಸರಕು ಮೂರು ವರ್ಷಕ್ಕೂ ಹೆಚ್ಚು ಕಾಲ ಹೊರಗೆ ಹೋಗಕೂಡದೆಂದು ಕಾನೂನೇ ವಿಧಿಸಿರುವ ಒಂದು ಉದ್ಯಮವಿದೆ. ಹನ್ನೊಂದು ಗ್ರಾಮಗಳ ಎಲ್ಲೆಯೊಳಗೆ, ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ತಯಾರಾಗುವ ಈ ಕೆಂಪು ವೈನಿನ ಹೆಸರು ಬರೋಲೊ. ಅದನ್ನು ಹಳೆಯ ಕ್ರಮದಲ್ಲಿಯೇ ಮಾಡುವವರಲ್ಲಿ ನಾಲ್ಕೈದು ಹೆಕ್ಟೇರ್ ಜಮೀನಿನ ಕುಟುಂಬಗಳು ಇಂದಿಗೂ ಇವೆ.

ನಿಯಮ ಹೀಗಿದೆ: ಕೊಯ್ಲಿನ ವರ್ಷದ ನವೆಂಬರ್ 1ರಿಂದ ಮೊದಲ್ಗೊಂಡು 38 ತಿಂಗಳು ವೈನ್ ಪಕ್ವವಾಗಬೇಕು, ಅದರಲ್ಲಿ ಕನಿಷ್ಠ 18 ತಿಂಗಳು ಮರದ ಪೀಪಾಯಿಯಲ್ಲಿರಬೇಕು. ‘ರಿಸೆರ್ವಾ’ ಎಂಬ ಮೇಲ್ದರ್ಜೆಗೆ 62 ತಿಂಗಳು. 2020ರ ಅಕ್ಟೋಬರಿನಲ್ಲಿ ಕೊಯ್ದ ಹಣ್ಣಿನ ವೈನ್ 2024ರ ಜನವರಿ 1ಕ್ಕೆ ಮೊದಲು ಮಾರುಕಟ್ಟೆ ಕಾಣುವಂತಿಲ್ಲ. ಅಷ್ಟರಲ್ಲಿ 2021, 2022, 2023ರ ಕೊಯ್ಲುಗಳೂ ನೆಲಮಾಳಿಗೆ ಸೇರಿರುತ್ತವೆ. ಅಂದರೆ ಮೊದಲ ಬಾಟಲಿಯ ಹಣ ಕೈಗೆ ಬರುವ ಮುನ್ನ ನಾಲ್ಕು ಬೆಳೆಗಳ ಖರ್ಚನ್ನು ಕುಟುಂಬವು ಭರಿಸಿರಬೇಕು.

ಈ ದೀರ್ಘ ನಿರೀಕ್ಷೆಯು ಅಧಿಕಾರಿಗಳ ಕಲ್ಪನೆಯಲ್ಲ. ಹಣ್ಣಿನ ಸ್ವಭಾವದಿಂದಲೇ ಬಂದದ್ದು. ನೆಬ್ಬಿಯೋಲೊ ತಡವಾಗಿ ಮಾಗುವ ತಳಿ. ಕಣಿವೆಗಳಲ್ಲಿ ಮಂಜು ಕವಿಯುವ ಅಕ್ಟೋಬರ್ ತಿಂಗಳಲ್ಲಿಯೇ ಸಾಮಾನ್ಯವಾಗಿ ಅದರ ಕೊಯ್ಲು. ಮಂಜಿಗೆ ಇಟಾಲಿಯನ್ ಭಾಷೆಯಲ್ಲಿ ‘ನೆಬ್ಬಿಯಾ’ ಎನ್ನುವುದರಿಂದಲೇ ಆ ಹೆಸರು ಬಂತೆಂದು ಹೇಳುವುದುಂಟು. ಅದರ ವೈನಿನ ಬಣ್ಣ ತಿಳಿಯಾದರೂ ಒಗರು ಮತ್ತು ಹುಳಿ ಎರಡೂ ತೀಕ್ಷ್ಣ. ಹೊಸತಾಗಿರುವಾಗ ಕುಡಿದರೆ ಎಳೆಯ ಬಾಳೆಕಾಯಿ ಕಚ್ಚಿದಂತೆ ನಾಲಿಗೆ ಬಿಗಿಯುತ್ತದೆ. ಆ ಒಗರನ್ನು ಮೆದುಗೊಳಿಸಬಲ್ಲದ್ದು ಕಾಲವೊಂದೇ ಎಂಬುದು ಹಳಬರ ನಂಬಿಕೆ.

ಸಾಂಪ್ರದಾಯಿಕ ವಿಧಾನಕ್ಕೆ ಬರೋಲೊ ಗ್ರಾಮದ ಬಾರ್ತೊಲೊ ಮಸ್ಕರೆಲ್ಲೊ ಅವರ ಮನೆತನವನ್ನು ಉದಾಹರಣೆಯಾಗಿ ನೋಡಬಹುದು. ಮೊದಲ ಮಹಾಯುದ್ಧ ಮುಗಿದ ಕಾಲದಲ್ಲಿ ಬಾರ್ತೊಲೊ ಅವರ ತಂದೆ ಜೂಲಿಯೊ ಸ್ವಂತ ಹೆಸರಿನಲ್ಲಿ ವೈನ್ ತಯಾರಿಕೆ ಆರಂಭಿಸಿದರು. ಮನೆತನದ ದ್ರಾಕ್ಷಿ ತೋಟ ಸುಮಾರು 5 ಹೆಕ್ಟೇರ್, ಎಂದರೆ ಹನ್ನೆರಡು ಎಕರೆಯಷ್ಟು. ಎಲ್ಲ ಬಗೆಯ ವೈನೂ ಸೇರಿ ವರ್ಷಕ್ಕೆ ಸುಮಾರು 30,000 ಬಾಟಲಿ. ಬರೋಲೊ ಗ್ರಾಮದ ಕನ್ನೂಬಿ, ಸಾನ್ ಲೊರೆಂಝೊ, ರುಯೆ ಹಾಗೂ ನೆರೆಯ ಲಾ ಮೊರ್ರಾದ ರೊಕ್ಕೆ ಎಂಬ ನಾಲ್ಕು ತೋಟಗಳ ಹಣ್ಣನ್ನು ಬೆರೆಸಿ ಒಂದೇ ಬರೋಲೊ ಮಾಡುವುದು ಇವರ ಪದ್ಧತಿ. ಪ್ರಸಿದ್ಧ ಇಳಿಜಾರಿನ ಹೆಸರನ್ನು ಬಾಟಲಿಯ ಮೇಲೆ ಪ್ರತ್ಯೇಕವಾಗಿ ಮುದ್ರಿಸಿದರೆ ಹೆಚ್ಚು ಬೆಲೆ ಬರುವುದೆಂದು ತಿಳಿದಿದ್ದರೂ ಅವರು ಆ ದಾರಿ ಹಿಡಿಯಲಿಲ್ಲ. ಒಂದು ಇಳಿಜಾರಿನಲ್ಲಿ ಬಿಸಿಲು ಹೆಚ್ಚಾದ ವರ್ಷ ಇನ್ನೊಂದು ಸಮತೋಲ ಕೊಡುತ್ತದೆ ಎಂಬುದು ಹಳೆಯ ಲೆಕ್ಕಾಚಾರ. ವಿಮೆಯ ಕಂತು ಕಟ್ಟದೆಯೇ ಪಡೆದ ವಿಮೆ ಎಂದರೆ ತಪ್ಪಾಗದು.

ಕೈಯಿಂದ ಕೊಯ್ದ ಗೊಂಚಲುಗಳ ತೊಟ್ಟು ಬೇರ್ಪಡಿಸಿ, ಹಣ್ಣನ್ನು ಸಿಮೆಂಟ್ ತೊಟ್ಟಿಗೆ ತುಂಬುತ್ತಾರೆ. ಹೊರಗಿನಿಂದ ಯೀಸ್ಟ್ ಸೇರಿಸುವುದಿಲ್ಲ. ಸಿಪ್ಪೆಯ ಮೇಲೆ ಹಾಗೂ ಮಾಳಿಗೆಯ ಗಾಳಿಯಲ್ಲಿ ಇರುವ ಯೀಸ್ಟಿನಿಂದಲೇ ಹುದುಗುವಿಕೆ ಆರಂಭವಾಗುತ್ತದೆ. ಸಕ್ಕರೆ ಮದ್ಯಸಾರವಾಗುವಾಗ ಹೊರಡುವ ಅನಿಲವು ಸಿಪ್ಪೆಯನ್ನೆಲ್ಲ ಮೇಲಕ್ಕೆ ನೂಕಿ ದಪ್ಪ ಹೊದಿಕೆ ಕಟ್ಟುತ್ತದೆ. ಅದು ಒಣಗಿದರೆ ಸರಕು ಹುಳಿತು ಹಾಳಾಗುವ ಭಯ. ಆದ್ದರಿಂದ ತಳದಿಂದ ರಸವನ್ನು ಪಂಪಿನಿಂದ ಎತ್ತಿ ಆ ಹೊದಿಕೆಯ ಮೇಲೆ ಸುರಿಯುತ್ತಿರಬೇಕು. ಹುದುಗು ಮುಗಿದ ಮೇಲೂ ಸಿಪ್ಪೆಯನ್ನು ರಸದಲ್ಲಿ ಮುಳುಗಿಸಿಟ್ಟು ನೆನೆಯಲು ಬಿಡುವುದು ಲಾಂಗೆಯ ಹಳೆಯ ಕ್ರಮ. ಒಟ್ಟು ಅವಧಿ ಮೂವತ್ತು, ಕೆಲವೊಮ್ಮೆ ಐವತ್ತು ದಿನಗಳವರೆಗೂ ಹೋಗುತ್ತದೆ. ನಂತರ ಬ್ಯಾಕ್ಟೀರಿಯಾಗಳು ಸೇಬಿನಲ್ಲಿರುವಂಥ ಚುರುಕು ಹುಳಿಯನ್ನು ಮೊಸರಿನಲ್ಲಿರುವಂಥ ಸೌಮ್ಯ ಹುಳಿಯಾಗಿ ಪರಿವರ್ತಿಸುತ್ತವೆ. ಇದಾದ ಮೇಲೆ ವೈನ್ ದೊಡ್ಡ ಓಕ್ ಪೀಪಾಯಿಗಳನ್ನು ಸೇರುತ್ತದೆ. ಅಲ್ಲಿಂದ ಮುಂದೆ ಕೆಲಸ ಕಡಿಮೆ, ಕಾವಲು ಹೆಚ್ಚು: ಗಷ್ಟು ತಳದಲ್ಲಿ ನಿಂತಾಗ ತಿಳಿಯನ್ನು ಬೇರೆ ಪೀಪಾಯಿಗೆ ಬಸಿಯುವುದು, ಆವಿಯಾಗಿ ಕಡಿಮೆಯಾದಷ್ಟನ್ನು ಮತ್ತೆ ತುಂಬುವುದು. ಆವಿಯಾಗಿ ಹೋದದ್ದಕ್ಕೆ ಬಿಲ್ಲೂ ಇಲ್ಲ, ರಸೀತಿಯೂ ಇಲ್ಲ. ಆದರೂ ಅದು ವೆಚ್ಚವೇ.

ಕಾಯುವುದಕ್ಕೆ ಹಣ ಎಲ್ಲಿಂದ?

ಲೆಕ್ಕದ ಅನುಕೂಲಕ್ಕಾಗಿ ಒಂದು ಕಾಲ್ಪನಿಕ ಕುಟುಂಬವನ್ನು ಊಹಿಸೋಣ. ವರ್ಷಕ್ಕೆ 20,000 ಬಾಟಲಿ ಬರೋಲೊ, ಬಾಟಲಿಯೊಂದಕ್ಕೆ 10 ಯೂರೋ ಉತ್ಪಾದನಾ ವೆಚ್ಚ. ನಾಲ್ಕು ಬೆಳೆ ಒಟ್ಟಿಗೆ ಮಾಳಿಗೆಯಲ್ಲಿರುವ ದಿನ ದಾಸ್ತಾನಿನಲ್ಲಿ ಸಿಲುಕಿದ ಹಣ 8 ಲಕ್ಷ ಯೂರೋ. ವರ್ಷಕ್ಕೆ ಶೇಕಡಾ 5ರ ಸರಳ ಬಡ್ಡಿ ಹಿಡಿದರೂ 38 ತಿಂಗಳಿಗೆ ಬಾಟಲಿಯೊಂದಕ್ಕೆ ಒಂದೂವರೆ ಯೂರೋಗೂ ಹೆಚ್ಚು ಬೀಳುತ್ತದೆ. ಮಾರಾಟಕ್ಕೆ ಸಿದ್ಧವಾಗಲು ದೀರ್ಘಕಾಲ ಬೇಕಾಗುವ ದಾಸ್ತಾನಿನ ವೆಚ್ಚಕ್ಕೆ ಸಾಲದ ಬಡ್ಡಿಯನ್ನು ಸೇರಿಸುವ ವಿಷಯ ನಮ್ಮ ಲೆಕ್ಕಪತ್ರ ಮಾನಕ 16ರಲ್ಲೂ ಇರುವುದನ್ನು ವೃತ್ತಿಬಾಂಧವರು ಬಲ್ಲರು. ಆದರೆ ಇಟಲಿಯ ಸಣ್ಣ ಬೆಳೆಗಾರನಿಗೆ ಅದು ದೂರದ ಮಾತು. ಅಲ್ಲಿನ ನಾಗರಿಕ ಸಂಹಿತೆಯ 2135ನೇ ವಿಧಿಯಂತೆ, ಬಹುಪಾಲು ಸ್ವಂತ ಜಮೀನಿನ ಹಣ್ಣಿನಿಂದ ವೈನ್ ಮಾಡುವುದು ಕೃಷಿಯೇ ಹೊರತು ಕೈಗಾರಿಕೆಯಲ್ಲ. ಅಂಥವನ ಕೃಷಿ ಆದಾಯಕ್ಕೆ ಭೂದಾಖಲೆಯಲ್ಲಿ ನಿಗದಿಯಾದ ಅಂದಾಜಿನ ಮೇಲೆ ತೆರಿಗೆ. ಇದು ದೊಡ್ಡ ರಿಯಾಯಿತಿ ನಿಜ. ಆದರೆ ಬ್ಯಾಂಕಿಗೆ ಎಷ್ಟೇ ಬಡ್ಡಿ ಕಟ್ಟಿದರೂ ಅದರಿಂದ ತೆರಿಗೆ ಇಳಿಯುವುದಿಲ್ಲ.

ಹಾಗಾದರೆ ಮನೆ ನಡೆಯುವುದು ಹೇಗೆ? ಉತ್ತರ ತೋಟದಲ್ಲಿಯೇ ಇದೆ. ದಕ್ಷಿಣಾಭಿಮುಖವಾದ ಉತ್ತಮ ಇಳಿಜಾರಿನಲ್ಲಿ ನೆಬ್ಬಿಯೋಲೊ, ಉಳಿದೆಡೆ ದೊಲ್ಚೆತ್ತೊ ಮತ್ತು ಬರ್ಬೆರಾ. ದೊಲ್ಚೆತ್ತೊ ಬೇಗ ಮಾಗುತ್ತದೆ, ಮರುವರ್ಷವೇ ಮಾರಾಟವಾಗುತ್ತದೆ; ಸ್ಥಳೀಯರ ದಿನನಿತ್ಯದ ಊಟದ ವೈನ್ ಅದು. ಮನೆಖರ್ಚು ಮತ್ತು ಕೂಲಿ ಅದರಿಂದ, ಉಳಿತಾಯ ಬರೋಲೊದಿಂದ. ಅಡಿಕೆ ಫಸಲಿಗೆ ಬರುವವರೆಗೆ ನಡುವೆ ಬಾಳೆ ಹಾಕಿ ದಿನ ನೂಕುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಬಾಗಿಲೂ ಇದೆ: ಅಗತ್ಯಬಿದ್ದರೆ ಅದೇ ಹಣ್ಣಿನ ವೈನನ್ನು ‘ಲಾಂಗೆ ನೆಬ್ಬಿಯೋಲೊ’ ಎಂಬ ಕೆಳದರ್ಜೆಯ ಹೆಸರಿನಲ್ಲಿ ಬೇಗನೆ, ಕಡಿಮೆ ಬೆಲೆಗೆ ಮಾರಬಹುದು. 2002ರಲ್ಲಿ ಮಳೆ, ಆಲಿಕಲ್ಲುಗಳಿಂದ ಬೆಳೆ ಕೆಟ್ಟಾಗ ಅನೇಕರು ಆ ವರ್ಷ ಬರೋಲೊವನ್ನೇ ತಯಾರಿಸಲಿಲ್ಲ.

ಈ ಗುಡ್ಡಗಳು ಯಾವಾಗಲೂ ಶ್ರೀಮಂತವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಬೆಳೆಗಾರರು ಹಣ್ಣನ್ನು ಆಲ್ಬಾ ಪಟ್ಟಣದ ಚೌಕಕ್ಕೆ ತಂದು ದಲ್ಲಾಳಿ ಹೇಳಿದ ದರಕ್ಕೆ ಕೊಟ್ಟು ಹಿಂತಿರುಗುತ್ತಿದ್ದ ಕಾಲವಿತ್ತು. ಯುವಕರು ತೂರಿನ್ ನಗರದ ಫಿಯೆಟ್ ಕಾರ್ಖಾನೆಗೆ ಗುಳೆ ಹೋದರು. 1946ರಲ್ಲಿ ಆಲ್ಬಾದಲ್ಲಿ ಆರಂಭವಾದ ಫೆರೆರೊ ಮಿಠಾಯಿ ಸಂಸ್ಥೆ ಗುಡ್ಡದ ಊರುಗಳಿಗೆ ಬಸ್ಸು ಕಳುಹಿಸಿ ಕಾರ್ಮಿಕರನ್ನು ಕರೆದೊಯ್ಯುತ್ತಿತ್ತು. ಹಗಲು ಚಾಕೊಲೇಟ್ ಕಾರ್ಖಾನೆ, ಉಳಿದ ಹೊತ್ತು ತೋಟ. ಆ ಸಂಬಳದಿಂದಾಗಿ ಜಮೀನು ಮಾರದೆ ಉಳಿಸಿಕೊಂಡ ಮನೆಗಳಿವೆ. ವೈನಿನ ಚರಿತ್ರೆ ಬರೆಯುವವರು ಈ ಬಸ್ಸುಗಳಿಗೆ ಇನ್ನಷ್ಟು ಗೌರವ ಕೊಡಬೇಕು. ಬರೋಲೊಗೆ 1966ರಲ್ಲಿ ನಿಯಂತ್ರಿತ ಮೂಲನಾಮದ ಮಾನ್ಯತೆ, 1980ರಲ್ಲಿ ಅದಕ್ಕೂ ಮೇಲಿನ ಖಾತರಿ ದರ್ಜೆ ದೊರೆತವು. ಹೆಕ್ಟೇರಿಗೆ ಗರಿಷ್ಠ 8 ಟನ್ ಹಣ್ಣು ಮಾತ್ರ, ಪ್ರತಿ ಬಾಟಲಿಗೂ ಕ್ರಮಸಂಖ್ಯೆಯ ಸರ್ಕಾರಿ ಪಟ್ಟಿ. ಈ ಪತ್ರಿಕೆಯ ಓದುಗರಿಗೆ ಆಸಕ್ತಿ ಮೂಡಿಸಬಹುದಾದ ಸಂಗತಿಯೆಂದರೆ, 1992ರ ಕಾನೂನಿನಡಿ ವೈನನ್ನು ಸವಿದು ಪರೀಕ್ಷಿಸಿ ಒಪ್ಪಿಗೆ ನೀಡುವ ಸಮಿತಿಗಳನ್ನು ಬಹಳ ವರ್ಷ ನಡೆಸಿದವು ಅಲ್ಲಿನ ವಾಣಿಜ್ಯ ಮಂಡಳಿಗಳೇ. 1986ರಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನ್ ಕುಡಿದು ಇಟಲಿಯಲ್ಲಿ ಇಪ್ಪತ್ತರ ಆಸುಪಾಸು ಜನ ಸತ್ತ ಪ್ರಕರಣವು, ಸ್ವಂತ ಹೆಸರು ಮುದ್ರಿಸಿ ಮಾರುವ ಕುಟುಂಬದ ಮಾತಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಗ್ರಾಹಕರಿಗೆ ತೋರಿಸಿತು.

ಸಣ್ಣ ಪೀಪಾಯಿ, ದೊಡ್ಡ ಜಗಳ

1980ರ ದಶಕದಲ್ಲಿ ಕೆಲವು ತರುಣರು ಕಾಯುವುದನ್ನೇ ಪ್ರಶ್ನಿಸಿದರು. ಫ್ರಾನ್ಸಿನ 225 ಲೀಟರ್ ಗಾತ್ರದ ಹೊಸ ಓಕ್ ಪೀಪಾಯಿ, ಅರ್ಥಾತ್ ‘ಬರೀಕ್’, ಬಳಸಿ, ಸಿಪ್ಪೆ ನೆನೆಯುವ ಅವಧಿಯನ್ನು ವಾರಗಳಿಂದ ದಿನಗಳಿಗೆ ಇಳಿಸಿದರೆ ಬೇಗನೆ ಮೃದುವಾಗುವ, ವಿದೇಶೀಯರಿಗೆ ರುಚಿಸುವ ವೈನ್ ಸಿಗುತ್ತಿತ್ತು. ಆದರೆ ಬರೀಕ್ ಕೆಲವೇ ವರ್ಷಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಸವಕಳಿಯ ದರ ದುಬಾರಿ. ಕೆಲವು ಸಾವಿರ ಲೀಟರಿನ ಹಳೆಯ ಪೀಪಾಯಿಯಾದರೋ ದಶಕಗಟ್ಟಲೆ ಬಾಳುತ್ತದೆ, ವೈನಿಗೆ ತನ್ನ ವಾಸನೆಯನ್ನು ಹೇರುವುದಿಲ್ಲ. ಲಾ ಮೊರ್ರಾದ ಎಲಿಯೊ ಅಲ್ತಾರೆ 1983ರಲ್ಲಿ ತಂದೆಯ ದೊಡ್ಡ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕತ್ತರಿಸಿ ಹಾಕಿದ್ದು ಅಲ್ಲಿ ದಂತಕಥೆಯಾಗಿದೆ. ತಂದೆ ಮಗನನ್ನು ಕ್ಷಮಿಸಲಿಲ್ಲ, ಆಸ್ತಿಯನ್ನೂ ಅವರಿಗೆ ಬಿಡಲಿಲ್ಲ. ಅಲ್ತಾರೆ ಅದನ್ನು ಒಡಹುಟ್ಟಿದವರಿಂದ ಕೊಂಡುಕೊಳ್ಳಬೇಕಾಯಿತು. ಇತ್ತ ಬಾರ್ತೊಲೊ ಮಸ್ಕರೆಲ್ಲೊ, ‘ಬರೀಕ್ ಬೇಡ, ಬೆರ್ಲುಸ್ಕೋನಿ ಬೇಡ’ ಎಂದು ತಮ್ಮ ಕೈಯಿಂದಲೇ ಬರೆದ ಚೀಟಿಯನ್ನು ಬಾಟಲಿಗೆ ಅಂಟಿಸಿ ಹೆಸರಾದರು. 2005ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಮರಿಯಾ ತೆರೇಸಾ ಅದೇ ತೊಟ್ಟಿ, ಅದೇ ಬಗೆಯ ಪೀಪಾಯಿಗಳೊಂದಿಗೆ ಕೆಲಸ ಮುಂದುವರಿಸಿದರು. ಮಾರುಕಟ್ಟೆಯ ಒಲವೂ ಕ್ರಮೇಣ ಹಳೆಯ ಶೈಲಿಯತ್ತ ತಿರುಗಿತು.

ರುಚಿಯ ಜಗಳ ಹೀಗೆ ತಣ್ಣಗಾಯಿತು. ಆದರೆ ಗೆಲುವೇ ಹೊಸ ಸಂಕಟ ತಂದಿದೆ. ಉತ್ತಮ ಇಳಿಜಾರಿನ ಒಂದು ಹೆಕ್ಟೇರಿಗೆ ಈಗ ಹತ್ತು ಲಕ್ಷ ಯೂರೋಗೂ ಮಿಕ್ಕಿ ಬೆಲೆಯಿದೆ. ಇಟಲಿಯ ಕಾನೂನಿನಂತೆ ತಂದೆ ಉಯಿಲು ಬರೆದರೂ ಮಕ್ಕಳ ಕಡ್ಡಾಯ ಪಾಲನ್ನು ತಪ್ಪಿಸಲಾಗದು. ಜೀವಂತ ಸಂಗಾತಿ ಇಲ್ಲದೆ ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದಲ್ಲಿ ಆಸ್ತಿಯ ಮೂರನೇ ಎರಡು ಭಾಗ ಅವರಿಗೆ ಸಮನಾಗಿ ಸೇರಬೇಕು. ಮತ್ತೆ ನಮ್ಮ ಕಾಲ್ಪನಿಕ ಕುಟುಂಬಕ್ಕೇ ಬರೋಣ. 5 ಹೆಕ್ಟೇರ್, ಹೆಕ್ಟೇರಿಗೆ 15 ಲಕ್ಷ ಯೂರೋ, ಎಲ್ಲ ಖರ್ಚು ಕಳೆದು ಹೆಕ್ಟೇರಿಗೆ 70,000 ಯೂರೋ ಉಳಿತಾಯ. ಒಟ್ಟು ವರ್ಷಕ್ಕೆ ಮೂರೂವರೆ ಲಕ್ಷ. ತಂದೆ ಉಯಿಲು ಬರೆಯದೆ ತೀರಿಕೊಂಡರೆಂದೂ ತೋಟ ನೋಡಿಕೊಳ್ಳುವ ಮಗಳು ಮಿಲಾನ್‌ನಲ್ಲಿ ನೆಲೆಸಿದ ಅಣ್ಣನ ಅರ್ಧ ಪಾಲನ್ನು ಕೊಳ್ಳಬೇಕೆಂದೂ ಇಟ್ಟುಕೊಂಡರೆ ಬೇಕಾದದ್ದು ಮೂವತ್ತೇಳೂವರೆ ಲಕ್ಷ ಯೂರೋ. ಶೇಕಡಾ 5ರ ಬಡ್ಡಿಗೆ, ಅಸಲನ್ನು 20 ವರ್ಷಗಳಲ್ಲಿ ಸಮ ಪಾಲುಗಳಾಗಿ ತೀರಿಸುವ ಸಾಲ ದೊರೆತರೂ ಮೊದಲ ವರ್ಷದ ಅಸಲು ಮತ್ತು ಬಡ್ಡಿ ಸೇರಿ ಮೂರೂ ಮುಕ್ಕಾಲು ಲಕ್ಷ. ಬರುವುದು ಮೂರೂವರೆ ಲಕ್ಷ! ಆಕೆಯ ವೈನ್ ಎಷ್ಟೇ ಉತ್ತಮವಾಗಿರಲಿ, ಎಷ್ಟೇ ಬೇಡಿಕೆಯಿರಲಿ, ಈ ಲೆಕ್ಕ ಕೂಡುವುದಿಲ್ಲ. ಹೊರಗಿನ ಬಂಡವಾಳದಾರನಿಗಾದರೆ ಕೂಡುತ್ತದೆ, ಏಕೆಂದರೆ ಆತ ಜಮೀನಿನ ಮೌಲ್ಯವೃದ್ಧಿಗಾಗಿ ಕಾಯಬಲ್ಲ. 2016ರಲ್ಲಿ ಹೆಸರಾಂತ ವಿಯೆತ್ತಿ ಸಂಸ್ಥೆಯನ್ನು ಅಮೆರಿಕದ ಅಂಗಡಿ ಸರಣಿಯೊಂದರ ಮಾಲೀಕ ಕುಟುಂಬ ಖರೀದಿಸಿದಾಗ ಇಡೀ ಲಾಂಗೆ ಬೆಚ್ಚಿದ್ದು ಇದಕ್ಕಾಗಿಯೇ.

ತಂದೆ ಬದುಕಿರುವಾಗಲೇ ಮುಂದಿನ ಪಾಲಿನ ಬಗ್ಗೆ ಕರಾರು ಮಾಡಿಕೊಳ್ಳುವುದನ್ನು ಅಲ್ಲಿನ ಸಂಹಿತೆಯ 458ನೇ ವಿಧಿ ನಿಷೇಧಿಸಿತ್ತು. 2006ರ 55ನೇ ಕಾನೂನು ಇದಕ್ಕೊಂದು ವಿನಾಯಿತಿ ತೆರೆಯಿತು. ‘ಕುಟುಂಬ ಒಪ್ಪಂದ’ದ ಮೂಲಕ ಮಾಲೀಕನು ಉದ್ಯಮವನ್ನು ಒಬ್ಬ ವಾರಸುದಾರರಿಗೆ ತನ್ನ ಜೀವಿತಕಾಲದಲ್ಲೇ ವಹಿಸಬಹುದು, ಪಡೆದವರು ಉಳಿದವರಿಗೆ ಅವರ ಪಾಲಿನ ಮೌಲ್ಯವನ್ನು ಕೊಡಬೇಕು, ಅಥವಾ ಅವರು ಅದನ್ನು ಬಿಟ್ಟುಕೊಡಬೇಕು. ಹೀಗೆ ಕೊಟ್ಟದ್ದನ್ನು ತಂದೆಯ ಮರಣಾನಂತರ ಮತ್ತೆ ಕೆದಕುವಂತಿಲ್ಲ. ಲಾಭವೇನೆಂದರೆ, ಪಾಲಿನ ಬೆಲೆಯನ್ನು ಎಲ್ಲರೂ ಒಂದೇ ದಿನ ಕುಳಿತು ನಿಶ್ಚಯಿಸಬಹುದು. ಬೆಲೆ ಇನ್ನಷ್ಟು ಏರುವವರೆಗೆ ಕಾಯಬೇಕಿಲ್ಲ. ತೊಡಕೆಂದರೆ, ಪತ್ರವು ನೋಟರಿಯ ಸಮ್ಮುಖದಲ್ಲೇ ಆಗಬೇಕು. ಸಂಗಾತಿ ಹಾಗೂ ಕಡ್ಡಾಯ ಪಾಲಿನ ಹಕ್ಕುಳ್ಳ ಎಲ್ಲರೂ ಅದರಲ್ಲಿ ಭಾಗಿಯಾಗಬೇಕು. ಮಿಲಾನ್‌ನ ಅಣ್ಣ ಬಾರದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಆತನನ್ನು ಮೇಜಿನ ಬಳಿಗೆ ಕರೆತರುವ ಕೆಲಸವನ್ನು ಯಾವ ಶಾಸನವೂ ಮಾಡಿಕೊಡದು. ಅದನ್ನು ತಂದೆಯೇ ಮಾಡಬೇಕು, ಅದೂ ಆತನ ಕೈಕಾಲು ಗಟ್ಟಿಯಾಗಿರುವಾಗ.