ಕನ್ನಡಕದ ಆಂಗ್ಲ ನಾಮಗಳು: ಒಂದು ವಿವೇಚನೆ

ದೃಷ್ಟಿದೋಷದ ನಿವಾರಣೆಗಾಗಿ ಧರಿಸುವ ಸಾಧನವನ್ನು ನಮ್ಮವರು ಕನ್ನಡಕವೆಂದೂ, ಸುಲೋಚನವೆಂದೂ, ಉತ್ತರ ಕರ್ನಾಟಕದಲ್ಲಿ ಚಾಳೀಸು ಎಂದೂ ಕರೆಯುವುದುಂಟು. ನಲವತ್ತರ ಸುಮಾರಿಗೆ ಸಮೀಪದ ಅಕ್ಷರಗಳು ಮಸುಕಾಗುವುವೆಂಬ ಅನುಭವವೇ ಈ ಕೊನೆಯ ಹೆಸರಿನಲ್ಲಿ ಅಡಗಿದೆ. ಆಂಗ್ಲ ಭಾಷೆಯಲ್ಲಿಯೂ ಇಂತಹ ಹಲವು ಪದಗಳಿವೆ. ಮೇಲುನೋಟಕ್ಕೆ ಅವು ಸಮಾನಾರ್ಥಕಗಳಂತೆ ತೋರಿದರೂ ಅರ್ಥಭೇದವುಂಟು. ವಿದ್ಯಾರ್ಥಿಗಳು ಎಡವುವುದೂ ಇಲ್ಲಿಯೇ.

‘ಸ್ಪೆಕ್ಟಕಲ್ಸ್’ ಲ್ಯಾಟಿನ್ ಮೂಲದ ಪದ. ‘ನೋಡು’ ಎಂಬುದು ಅದರ ಧಾತ್ವರ್ಥ. ಏಕವಚನದ ‘ಸ್ಪೆಕ್ಟಕಲ್’ ಸಾಮಾನ್ಯವಾಗಿ ಕನ್ನಡಕವನ್ನು ಸೂಚಿಸದು. ಅದರ ಅರ್ಥ ಕಣ್ಸೆಳೆಯುವ ದೃಶ್ಯ. ಜಾತ್ರೆಯ ರಥೋತ್ಸವವು ಸ್ಪೆಕ್ಟಕಲ್. ಅದನ್ನು ಸ್ಪಷ್ಟವಾಗಿ ಕಾಣಲು ಅಜ್ಜನಿಗೆ ಬೇಕಾದುದು ಸ್ಪೆಕ್ಟಕಲ್ಸ್. ಈ ಪದದಲ್ಲಿ ತುಸು ಗಾಂಭೀರ್ಯವಿದೆ. ಬಳಕೆಯ ಮಾತೆಂದರೆ ‘ಗ್ಲಾಸಸ್’. ಇದು ಗಾಜಿನಿಂದ ಬಂದ ಹೆಸರು. ಇಂದು ಮಸೂರಗಳು ಬಹುಮಟ್ಟಿಗೆ ಪ್ಲಾಸ್ಟಿಕ್ಕಿನವಾದರೂ ಹೆಸರು ಮಾತ್ರ ಉಳಿದಿದೆ. ಅಮೆರಿಕದವರು ‘ಐಗ್ಲಾಸಸ್’ ಎಂದೂ ಹೇಳುವರು. ಗಾಜುಗಳು ಎರಡಾದುದರಿಂದ ಇವೆಲ್ಲವೂ ಬಹುವಚನದಲ್ಲಿಯೇ ನಿಲ್ಲುತ್ತವೆ. ಎಣಿಸಬೇಕಾದರೆ ‘ಎ ಪೇರ್ ಆಫ್’ ಎಂದು ಸೇರಿಸಬೇಕು. ‘ಲೆನ್ಸ್’ ಎಂಬುದು ಲ್ಯಾಟಿನ್ನಿನಲ್ಲಿ ಒಂದು ಬೇಳೆಯ ಹೆಸರು. ಆಕಾರಸಾಮ್ಯದಿಂದ ಗಾಜಿಗೆ ಸಂದಿತು. ಸಂಸ್ಕೃತದ ‘ಮಸೂರ’ವೂ ಅದೇ ಬೇಳೆಯೆಂಬುದು ಸ್ವಾರಸ್ಯಕರ.

ಹೆಚ್ಚಿನ ಗೊಂದಲಕ್ಕೆ ಎಡೆಗೊಡುವ ಪದ ‘ಗಾಗಲ್ಸ್’. ಕಣ್ಣರಳಿಸಿ ನೋಡುವುದೆಂಬರ್ಥದ ‘ಗಾಗಲ್’ ಕ್ರಿಯಾಪದಕ್ಕೆ ಇದು ಸಂಬಂಧಿಸಿದೆ. ನಮ್ಮ ದೇಶದಲ್ಲಿ ಬಿಸಿಲಿಗೆ ಧರಿಸುವ ಕಪ್ಪು ಕನ್ನಡಕಕ್ಕೆ ಈ ಹೆಸರು ರೂಢಿಯಾಗಿದೆ. ಇಂಗ್ಲೆಂಡ್ ಅಮೆರಿಕಗಳಲ್ಲಿ ಅದು ‘ಸನ್‌ಗ್ಲಾಸಸ್’. ಅವರ ಗಾಗಲ್ಸ್ ಕಣ್ಣಿನ ಸುತ್ತಲೂ ಒತ್ತಿ ಕುಳಿತು ದ್ರವ, ಧೂಳು, ಕಿಡಿಗಳನ್ನು ತಡೆಯುವ ರಕ್ಷಾಸಾಧನ. ಈಜುಗಾರನಿಗೂ ರಸಾಯನಶಾಸ್ತ್ರದ ಪ್ರಯೋಗಶಾಲೆಗೂ ಬೇಕಾದವು ಬೇರೆ ಬೇರೆ. ಬೆಸುಗೆಯವನಿಗೆ ಪ್ರಖರ ಬೆಳಕನ್ನು ತಡೆಯುವ ವಿಶೇಷ ಗಾಜೂ ಇರಬೇಕು.

ಈ ಭೇದವು ನಿಘಂಟಿಗಷ್ಟೇ ಸೀಮಿತವಾದುದಲ್ಲ. ಪ್ರಯೋಗಶಾಲೆಯ ಬಾಗಿಲಲ್ಲಿ ‘ಗಾಗಲ್ಸ್ ಧರಿಸಿರಿ’ ಎಂಬ ಸೂಚನೆಯನ್ನೋದಿದ ಬಾಲಕನು ತಂಪು ಕನ್ನಡಕವನ್ನು ತೊಟ್ಟು ಒಳಗೆ ಬಂದನೆನ್ನಿ. ಆಮ್ಲವು ಸಿಡಿದರೆ ತೆರೆದ ಪಕ್ಕಗಳಿಂದ ಅದು ಕಣ್ಣನ್ನು ಸೇರಬಹುದು. ಸೂಚನೆಯನ್ನು ಪಾಲಿಸಿಯೂ ಅವನು ಅಪಾಯಕ್ಕೆ ಗುರಿಯಾಗುತ್ತಾನೆ.

ಆದುದರಿಂದ ಭಾಷಾ ಶಿಕ್ಷಕರು ಪದದೊಡನೆ ಅದು ಸೂಚಿಸುವ ವಸ್ತುವನ್ನೂ, ವಿಜ್ಞಾನ ಶಿಕ್ಷಕರು ವಸ್ತುವಿನೊಡನೆ ಅದರ ಸರಿಯಾದ ಹೆಸರನ್ನೂ ತೋರಿಸಿಕೊಡುವುದು ಉಚಿತ. ಪದದ ಅರ್ಥವನ್ನು ಅರಿತ ಬಾಲಕನು ತನ್ನ ಕಣ್ಣನ್ನೂ ಕಾಪಾಡಿಕೊಂಡಾನು.